ಮೀನು ಕೊಯ್ಯುವವಳ ಗಾಳ

ಆದಿತ್ಯವಾರ ಬಂತೆಂದರೆ ನನ್ನ ಗಂಡನನ್ನು ಹಿಡಿಯುವವರಿಲ್ಲ. ಕೋಟೇಶ್ವರದ ಅವರ ಅಂಗಡಿಗೆ ಅಂದು ರಜೆ. ಚಾ ಕುಡಿದವರೇ ರಾಡು, ರೀಲು, ಪ್ಲಾಸ್ಟಿಕ್ ಮೀನುಗಳ ಡಬ್ಬಿ ಎಲ್ಲ ಸ್ಕೂಟರಿಗೆ ಹೇರಿಕೊಂಡು ಕೋಡಿಯಲ್ಲಿ ಕಡಲಿಗೆ ಕಟ್ಟಿದ ಕಲ್ಲುಗೋಡೆಗೆ ಹೊರಡುತ್ತಾರೆ. ಇವರ ಹಾಗೆಯೇ ಖುಷಿಗೆ ಗಾಳ ಹಾಕುವ ಗೆಳೆಯರಿಬ್ಬರು ಅಲ್ಲಿ ಕಾದಿರುತ್ತಾರೆ. ಮೀನು ಸಿಕ್ಕಿದರೆ ಕೊಯ್ಯುವುದು, ತೊಳೆಯುವುದು, ಅರೆಯುವುದು, ಹುರಿಯುವುದು ಎಲ್ಲ ನಾನು. ಉಂಡೆದ್ದು ಊರಿಗೆಲ್ಲ ಫೋನ್ ಮಾಡಿ ಕೊಚ್ಚಿಕೊಳ್ಳುವುದು ಅವರು. ಮೂವತ್ತು ವರ್ಷ ಹೀಗೇ ನಡೆಯಿತು.

ಕಳೆದ ವರ್ಷ ಮಳೆಗಾಲ ಮುಗಿದು ಕಡಲು ತಣಿದ ಮೇಲೆ ಒಂದು ದಿನ, "ನಾನೂ ಬತ್ತೆ" ಎಂದೆ.

"ಎಂತಕೆ?"

"ಗಾಳ ಹಾಕೂಕೆ."

ಅವರು ನಕ್ಕರು. "ಕೆರಾಡಿ ಕಾಡಂಗೆ ಹುಟ್ಟಿದ್ ನಿಂಗೆ ಕಡಲ್ ವಿಷ್ಯ ಎಂತ ಗೊತ್ತಿತ್ತ್ ಹೆಣೆ? ಹೆಂಗ್ಸ್ರ್ ಬಪ್ಪು ಜಾಗ ಅಲ್ಲ ಅದ್."

ನನಗೆ ಉರಿದುಹೋಯಿತು. ಕೆರಾಡಿಯಲ್ಲಿ ಹುಟ್ಟಿದ್ದು ನಿಜ, ಮದುವೆಯಾಗುವವರೆಗೆ ಕಡಲು ನೋಡದಿದ್ದದ್ದೂ ನಿಜ. ಆದರೆ ಆ ಕಲ್ಲುಗೋಡೆಯ ಕೆಂಬೇರಿ ಮೀನಿನ ಹೊಟ್ಟೆಯೊಳಗೆ ಏನಿರುತ್ತದೆ ಎಂದು ನಮ್ಮ ಮನೆಯಲ್ಲಿ ನೋಡಿದವಳು ನಾನೊಬ್ಬಳೇ. ಅಪರೂಪಕ್ಕೆ ಇವರಿಗೊಂದು ಕೆಂಬೇರಿ ಸಿಗುತ್ತಿತ್ತು. ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯ ಮುಂದೆ ಕೂತು ಹೊಟ್ಟೆ ಸೀಳಿದರೆ ಏಡಿಯ ಕಾಲು, ಏಡಿಯ ಚಿಪ್ಪು, ಕೆಲವೊಮ್ಮೆ ಇಡೀ ಮರಿ ಏಡಿ. ಮೀನಿನ ಚೂರು ಒಂದು ದಿನವೂ ಕಂಡವಳಲ್ಲ. ಇವರೋ, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನು ಕಟ್ಟಿ ದೂರ ದೂರ ಎಸೆಯುತ್ತಿದ್ದರು. ನಾನು ಹೇಳಲಿಲ್ಲ. ಕೇಳಿದವರಿಗಲ್ಲವೇ ಹೇಳುವುದು?

ನಾನು ಬಿಡಲಿಲ್ಲ. ಎರಡು ವಾರ ಅದೇ ಮಾತು ಕೇಳಿ ಕೇಳಿ ಅವರಿಗೂ ಸಾಕಾಯಿತು. "ಒಂದ್ ದಿನ ಬಾ. ಮೀನ್ ಸಿಕ್ಕಿಲ್ಲ ಅಂದ್ರೆ ಇನ್ನ್ ಈ ಮಾತ್ ಎತ್ತೂಕಾಗ" ಎಂದರು.

"ಸಿಕ್ರೆ?"

"ಸಿಕ್ರೆ ಕಾಂಬ."

"ಕಾಂಬುದಲ್ಲ. ಸಿಕ್ರೆ ಪ್ರತಿ ವಾರ ಬಪ್ಪುದೇ."

ಅವರು ಹೂಂ ಎಂದರು. ಸಿಗುವುದಿಲ್ಲ ಎಂಬ ಧೈರ್ಯಕ್ಕೆ ಹೇಳಿದ ಹೂಂ ಅದು.

ನನಗೆ ರಾಡು ಕೊಡಲಿಲ್ಲ, ನಾನು ಕೇಳಲೂ ಇಲ್ಲ. ಖಾಲಿ ಬಾಟ್ಲಿಗೆ ಸುತ್ತಿದ ದಪ್ಪ ನೂಲು, ಒಂದು ಗಾಳ, ನೂಲಿಗೆ ಭಾರಕ್ಕೊಂದು ನಟ್ಟು. ಇಷ್ಟೇ ನನ್ನ ಸಾಮಾನು. ಬೆಳಿಗ್ಗೆ ಇಳಿತದ ಹೊತ್ತು. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಸಂದಿಗೆ ಕೈ ಹಾಕಿದೆ. ಗದ್ದೆಯ ಅಂಚಿನ ಬಿಲದಿಂದ ಏಡಿ ಎಳೆದು ಬೆಳೆದವಳಿಗೆ ಕಡಲಿನ ಏಡಿಯ ಭಯವೇ? ಗಳಿಗೆಯಲ್ಲಿ ಮೂರು ಮರಿ ಏಡಿ ಡಬ್ಬಿಗೆ ಬಿದ್ದವು. ಗೆಳೆಯರಲ್ಲೊಬ್ಬರು ನೋಡಿ, "ಅತ್ತಿಗೆ, ಸಾರಿಗೆ ಅದ್ ಸಾಕಾತಿಲ್ಲ" ಎಂದು ನಗಾಡಿದರು. ನನ್ನ ಗಂಡನೂ ನಕ್ಕರು. ಅವರು ನಕ್ಕದ್ದೇ ಹೆಚ್ಚು ಚುಚ್ಚಿತು.

ಏಡಿಯನ್ನು ಗಾಳಕ್ಕೆ ಸಿಕ್ಕಿಸಿ ಕಲ್ಲಿನ ಬುಡಕ್ಕೇ ಇಳಿಬಿಟ್ಟೆ. ದೂರ ಎಸೆಯಲು ನನಗೆ ಬರುವುದೂ ಇಲ್ಲ, ಏಡಿ ಇರುವುದು ಕಲ್ಲಿನ ಹತ್ತಿರವೇ. ಒಂದು ಗಂಟೆ ಏನೂ ಇಲ್ಲ. ಎರಡು ಏಡಿಯನ್ನು ಯಾವುದೋ ಸಣ್ಣ ಮೀನು ಕಚ್ಚಿ ಕಚ್ಚಿ ಮುಗಿಸಿತು. ಬಿಸಿಲು ನೆತ್ತಿಗೇರುತ್ತ ಬಂತು. ಅವರು ಮೂವರೂ ರಾಡು ಮಡಚತೊಡಗಿದರು, ಯಾರಿಗೂ ಏನೂ ಸಿಕ್ಕಿರಲಿಲ್ಲ. "ಸಾಕಾ? ಹೋಪನಾ?" ಎಂದರು ಇವರು. ಆ ದನಿಯಲ್ಲಿ ಸಮಾಧಾನವಿತ್ತು. ಇನ್ನು ಜೀವಮಾನವಿಡೀ ಮನೆಯಲ್ಲೇ ಕೂರಬೇಕಲ್ಲ ಎಂದು ನನ್ನ ಕಣ್ಣು ತುಂಬಿತು. "ಇನ್ನೊಂದ್ ಏಡಿ ಇತ್ತ್" ಎಂದೆ.

ಆ ಕೊನೆಯ ಏಡಿಗೆ ಮೀನು ಕಚ್ಚಿತು, ನೂಲು ಕೈಯಿಂದ ಕಿತ್ತುಕೊಂಡು ಓಡಿತು. ಕೆಂಬೇರಿ ಕಚ್ಚಿದ ಮೇಲೆ ಕಲ್ಲಿನ ಸಂದಿಗೆ ನುಗ್ಗುತ್ತದೆ. ಒಳಗೆ ಹೋಯಿತೋ, ನೂಲು ತುಂಡು. ನಾನು ಕಲ್ಲಿಗೆ ಕಾಲು ಕೊಟ್ಟು ಎಳೆದೆ. ನೂಲು ಬೆರಳಿಗೆ ಇಳಿದು ರಕ್ತ ಬಂತು.

"ಬಿಡ್, ಕೈ ಹರಿತ್ತ್" ಎಂದು ಗಂಡ ಓಡಿಬಂದರು. ಗೆಳೆಯರೊಬ್ಬರು ನೂಲಿಗೆ ಕೈ ಚಾಚಿದರು.

"ಯಾರೂ ಮುಟ್ಟೂಕಾಗ" ಎಂದೆ. ಅಷ್ಟು ದೊಡ್ಡ ದನಿ ನನಗಿದೆ ಎಂದು ನನಗೇ ಗೊತ್ತಿರಲಿಲ್ಲ. ಒಬ್ಬ ಗಂಡಸಿನ ಬೆರಳು ತಾಗಿದರೂ ಸಾಕು, ಸಂಜೆಯೊಳಗೆ ಅದು ಅವರು ಹಿಡಿದ ಮೀನಾಗುತ್ತಿತ್ತು. ಮೂವರೂ ಹಿಂದೆ ಸರಿದು ನಿಂತರು. ನಾನೊಬ್ಬಳೇ ಎಳೆದು ಕಲ್ಲಿನ ಮೇಲೆ ಹಾಕಿದೆ. ಮೊಳದುದ್ದದ ಕೆಂಪು ಕೆಂಬೇರಿ, ಅಲ್ಲೇ ಬಡಿದುಕೊಳ್ಳುತ್ತಿತ್ತು.

"ಲಕ್ ಮಾರಾಯ" ಎಂದರು ನನ್ನ ಗಂಡ, ಗೆಳೆಯರ ಕಡೆ ತಿರುಗಿ. ಮನೆಯ ಹಿತ್ತಲಲ್ಲಿ ಚೀಲ ಇಳಿಸಿದ ಮೇಲೆ ಮೆಲ್ಲ ಕೇಳಿದರು: "ಏಡಿ ಹಾಕ್ಕ್ ಅಂತ ನಿಂಗೆ ಯಾರ್ ಹೇಳ್ಕೊಟ್ಟದ್?"

ನಾನು ಒಳಗೆ ಹೋಗಿ ಮೆಟ್ಟುಗತ್ತಿ ತಂದು ಅವರ ಮುಂದಿಟ್ಟೆ. ಕೈಗೆ ಬಟ್ಟೆ ಸುತ್ತಿಕೊಳ್ಳುತ್ತ, "ಹೊಟ್ಟೆ ಸೀಳಿ ಕಾಣಿ, ಗೊತ್ತಾತ್ತ್" ಎಂದೆ.

ನನ್ನ ಮುಖ ನೋಡಿದರು. ನಾನು ಕದಲಲಿಲ್ಲ. ಲುಂಗಿ ಎತ್ತಿ ಕಟ್ಟಿ ಮೆಟ್ಟುಗತ್ತಿಯ ಮುಂದೆ ಕೂತರು. ಮೀನಿನ ಮೈಮೇಲಿನ ಹುರುಪೆ ತೆಗೆಯದೆಯೇ ಹೊಟ್ಟೆ ಸೀಳಿದರು, ಪಿತ್ತ ಒಡೆಯದಿದ್ದದ್ದೇ ದೊಡ್ಡದು. ಒಳಗಿಂದ ಚಿಪ್ಪಿನ ಚೂರು, ಕಾಲು, ಅರೆ ಕರಗಿದ ಏಡಿ ಹೊರಬಂತು. ಅಂಗೈ ಮೇಲೆ ಹಾಕಿಕೊಂಡು ತುಂಬ ಹೊತ್ತು ನೋಡಿದರು.

"ಎಲ್ಲದ್ರಂಗೂ ಇದೇ ಇತ್ತಾ?"

"ಮೂವತ್ತ್ ವರ್ಷದಿಂದ."

ಅವರು ಕೈ ಹಾಗೇ ಹಿಡಿದುಕೊಂಡು, "ಇನ್ನ್ ಎಂತ ಮಾಡ್ಕ್?" ಎಂದರು.

ಹುರುಪೆ ಬಾಲದ ಕಡೆಯಿಂದ ತೆಗೆಯಬೇಕೆಂದು ಹೇಳಿಕೊಟ್ಟೆ.