ಎರಡನೆಯ ಬೂಟು

ಅಲ್ಫಾಮಾ ಕೇರಿಯಲ್ಲಿ ಜುಲ್ಮೀರಾಳ ಬಾಯಿಗೆ ಹೆದರದವರಿಲ್ಲ. ಟ್ರ್ಯಾಮ್ ಹಳಿಗೆ ಅಡ್ಡ ಕಾರು ನಿಲ್ಲಿಸಿ ಕಾಫಿ ಕುಡಿಯಲು ಹೋದ ಗಂಡಸೊಬ್ಬನನ್ನು ಅವಳು ಅಂಗಡಿಯೊಳಗಿಂದ ಅಂಗಿ ಹಿಡಿದು ಎಳೆದು ತಂದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ನಲವತ್ತೇಳು ವರ್ಷದ ಹೆಂಗಸು. ಅಂಗಿ ಹೊಲಿಯುವ ಕಾರ್ಖಾನೆ ಮುಚ್ಚಿದ ಮೇಲೆ ಮೂರು ಚಕ್ರದ ತುಕ್‌ತುಕ್ ಹಿಡಿದಳು. ಹನ್ನೊಂದು ವರ್ಷದಿಂದ ಪ್ರವಾಸಿಗರನ್ನು ಕೂರಿಸಿಕೊಂಡು ಲಿಸ್ಬನ್ನಿನ ಹಳೇ ಬೀದಿಗಳನ್ನು ತೋರಿಸುತ್ತ, ಇಂಗ್ಲಿಷಿನಲ್ಲಿ ಕಥೆ ಹೇಳುತ್ತ, ಪೋರ್ಚುಗೀಸಿನಲ್ಲಿ ಬೈಯುತ್ತ ಬದುಕಿದ್ದಾಳೆ.

ಈ ಹತ್ತು ದಿನದಿಂದ ಮಾತ್ರ ಅವಳ ಸಿಟ್ಟಿಗೆ ಹೊತ್ತುಗೊತ್ತಿಲ್ಲ. ಗಾಡಿ ನಿಲ್ದಾಣದಲ್ಲಿ ಯಾರಾದರೂ ಗುಡ್ ಮಾರ್ನಿಂಗ್ ಅಂದರೂ ಉರಿದುಬೀಳುತ್ತಾಳೆ. ಕಾರಣ ಒಂದೇ: ಅವಳ ದೊಡ್ಡಮ್ಮ ಎರ್ಮೆಲಿಂದಾ ಕಿಟಕಿ ಮುಚ್ಚಿಕೊಂಡುಬಿಟ್ಟಿದ್ದಾಳೆ.

ಕಿಟಕಿ ಮುಚ್ಚಿದರೆ ಏನಂತೆ ಅನ್ನುವವರಿಗೆ ಆ ಕಿಟಕಿ ಗೊತ್ತಿಲ್ಲ ಎಂದಷ್ಟೇ ಅರ್ಥ. ಟ್ರ್ಯಾಮ್ ಗೋಡೆ ಸವರಿಕೊಂಡು ಹೋಗುವಷ್ಟು ಇಕ್ಕಟ್ಟಿನ ಬೀದಿ ಅದು. ಅಲ್ಲಿ ಮೊದಲ ಮಹಡಿಯಲ್ಲಿ, ಹಸಿರು ಬಾಗಿಲಿನ ನೆತ್ತಿಯ ಮೇಲೆ, ಎಂಬತ್ತೊಂದು ವರ್ಷದ ಎರ್ಮೆಲಿಂದಾ ನಲವತ್ತಮೂರು ವರ್ಷದಿಂದ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ. ತರಕಾರಿ ಹೆಚ್ಚುವುದೂ ಅಲ್ಲೇ, ಜಪಮಾಲೆ ತಿರುಗಿಸುವುದೂ ಅಲ್ಲೇ, ಬೀದಿಯವರಿಗೆ ಬುದ್ಧಿ ಹೇಳುವುದೂ ಅಲ್ಲಿಂದಲೇ. ಮೊಣಕಾಲು ನೋವಿನಿಂದ ಅವಳು ಕೆಳಗಿಳಿಯುವುದು ಅಪರೂಪ. ಅವಳ ಪಾಲಿನ ಲೋಕವೆಂದರೆ ಆ ಕಿಟಕಿಯಷ್ಟೇ. ಅದನ್ನು ಮುಚ್ಚಿ ಕತ್ತಲಲ್ಲಿ ಕೂತರೆ ಮುದುಕಿ ಎಷ್ಟು ದಿನ ಬಾಳಿಯಾಳು? ಗಾಡಿ ಓಡಿಸುತ್ತಲೂ ಜುಲ್ಮೀರಾ ಇದನ್ನೇ ಯೋಚಿಸುತ್ತಿದ್ದಳು. ಒಂಬತ್ತನೇ ವಯಸ್ಸಿಗೆ ತಾಯಿ ಸತ್ತಾಗ ಅವಳನ್ನು ಎತ್ತಿಕೊಂಡು ಬಂದು ಸಾಕಿದ್ದು ಇದೇ ದೊಡ್ಡಮ್ಮ. ಆ ಕಿಟಕಿ ಮುಚ್ಚಿಸಿದ್ದು ಜುಲ್ಮೀರಾಳೇ.

ಮೂರು ವರ್ಷದ ಹಿಂದಿನ ಮಾತು. ಒಂದು ಮಧ್ಯಾಹ್ನ ಯಾವನೋ ಪುಣ್ಯಾತ್ಮ ವ್ಯಾನನ್ನು ಹಳಿಯ ಮೇಲೆ ಬಿಟ್ಟುಹೋಗಿದ್ದ. ಟ್ರ್ಯಾಮ್ ನಿಂತಿತು, ಅದರ ಹಿಂದೆ ಜುಲ್ಮೀರಾಳ ಗಾಡಿಯೂ ನಿಂತಿತು, ಸರಿಯಾಗಿ ದೊಡ್ಡಮ್ಮನ ಕಿಟಕಿಯ ಕೆಳಗೆ. ಇಪ್ಪತ್ತು ನಿಮಿಷವಾದರೂ ಕದಲಲಿಲ್ಲ. ಹಿಂದೆ ಕೂತಿದ್ದ ದಂಪತಿ ಆಕಳಿಸಿದರು, ಗಡಿಯಾರ ನೋಡಿದರು. ಆಮೇಲೆ ಆ ಹೆಂಗಸು ಮೇಲೆ ನೋಡಿ, "ಆ ಅಜ್ಜಿ ಯಾರು?" ಎಂದು ಕೇಳಿದಳು. ಸುಮ್ಮನಿರಬಾರದಿತ್ತೇ? ಜುಲ್ಮೀರಾಳ ಬಾಯಿ ಸುಮ್ಮನಿದ್ದರೆ ತಾನೆ! ಅಜ್ಜಿಯ ಗಂಡ ಬಕಲ್ಯಾವ್ ಮೀನು ಹಿಡಿಯಲು ಹಡಗಿನಲ್ಲಿ ಉತ್ತರದ ಹಿಮದ ಸಮುದ್ರಕ್ಕೆ ಹೋದ, ವಾಪಸು ಬರಲಿಲ್ಲ, ಅಂದಿನಿಂದ ಅಜ್ಜಿ ನದಿಯ ಕಡೆ ನೋಡುತ್ತ ಕಾಯುತ್ತಿದ್ದಾಳೆ ಎಂದು ನಿಂತ ನಿಲುವಿನಲ್ಲೇ ಹೊಸೆದುಬಿಟ್ಟಳು. ಆ ಕಿಟಕಿಯಿಂದ ನದಿಯ ಒಂದು ಹನಿಯೂ ಕಾಣುವುದಿಲ್ಲ. ಆದರೂ ಆ ಹೆಂಗಸು ಕಣ್ಣೊರೆಸಿಕೊಂಡಳು.

ಮರುದಿನ ಇನ್ನೊಬ್ಬರಿಗೆ ಹೇಳಿದಳು. ಆಮೇಲೆ ನಿಲ್ದಾಣದಲ್ಲಿ ನಗುತ್ತ ಉಳಿದ ಡ್ರೈವರುಗಳಿಗೂ ಹೇಳಿದಳು. ಅವರಿಗಿಷ್ಟು ಸಾಕಾಯಿತು. ಮೂರೇ ವರ್ಷದಲ್ಲಿ ಇಡೀ ಅಲ್ಫಾಮಾದ ತುಕ್‌ತುಕ್‌ಗಳು ಆ ಹಸಿರು ಬಾಗಿಲ ಮುಂದೆ ನಿಧಾನ ಮಾಡತೊಡಗಿದವು. ಒಬ್ಬ ಹಡಗಿಗೆ ಹೆಸರಿಟ್ಟ. ಇನ್ನೊಬ್ಬ ಅಜ್ಜಿ ದಿನಾ ಎರಡು ತಟ್ಟೆಗೆ ಸೂಪು ಬಡಿಸುತ್ತಾಳೆಂದ. ಪ್ರವಾಸಿಗರು ಕೈಬೀಸುತ್ತಿದ್ದರು, ಎರ್ಮೆಲಿಂದಾ ಮರ್ಯಾದೆಯಿಂದ ತಲೆಯಾಡಿಸುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು. ಜನ ಬಹಳ ಸಭ್ಯರು ಅಂದುಕೊಂಡಿದ್ದಳು, ಪಾಪ.

ಈಗ ನಿಜ ಏನು ಅಂತ ಕೇಳಿ. ಎರ್ಮೆಲಿಂದಾಳ ಗಂಡ ಅಲ್ಬಾನೊ ಸಮುದ್ರಕ್ಕೆ ಕಾಲಿಟ್ಟವನೇ ಅಲ್ಲ. ಇದೇ ಬೀದಿಯ ಟ್ರ್ಯಾಮ್ ಓಡಿಸುತ್ತಿದ್ದವನು. ನದಿಯಾಚೆಯ ಬರೈರೊದಲ್ಲಿ ಬೇಕರಿ ಇಟ್ಟ ವಿಧವೆಯೊಬ್ಬಳ ಜೊತೆ ಅವನ ಓಡಾಟವಿತ್ತು. ಗೊತ್ತಾದ ದಿನ ಎರ್ಮೆಲಿಂದಾ ಅಳಲಿಲ್ಲ, ಗೋಳಾಡಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಅವನ ಟ್ರ್ಯಾಮ್ ತನ್ನ ಕಿಟಕಿಯ ಕೆಳಗೆ ಬರುವವರೆಗೂ ಕಾದಳು. ಬಂದ ಕೂಡಲೆ ಅವನ ಕೋಟು, ಪ್ಯಾಂಟು, ಗಡ್ಡಕ್ಕೆ ಸೋಪು ಹಚ್ಚುವ ಬ್ರಷ್ಷು, ಬೂಟು ಎಲ್ಲವನ್ನೂ ಹಳಿಯ ಮೇಲೆ ಎಸೆದಳು. ಟ್ರ್ಯಾಮ್ ನಿಂತಿತು. ಅಲ್ಬಾನೊ ಇಳಿದು, ಬೀದಿಯವರೆಲ್ಲ ನೋಡುತ್ತಿರುವಾಗ, ತನ್ನ ಒಳಚಡ್ಡಿಗಳನ್ನು ತಾನೇ ಆರಿಸಿಕೊಂಡ. ಒಳಗಿದ್ದ ಪ್ರಯಾಣಿಕರು ಚಪ್ಪಾಳೆ ತಟ್ಟಿದರು. ಜುಲ್ಮೀರಾಗೆ ಆಗ ನಾಲ್ಕು ವರ್ಷ. ಕಲ್ಲಿನ ಮೇಲೆ ಬೂಟು ಧೊಪ್ಪೆಂದು ಬಿದ್ದ ಸದ್ದು ಈಗಲೂ ಅವಳ ಕಿವಿಯಲ್ಲಿದೆ.

ಆ ಬೂಟಿನ ಬಗ್ಗೆ ಬೀದಿಯಲ್ಲಿ ಇವತ್ತಿಗೂ ಜಗಳವಿದೆ. ಎದುರುಮನೆಯ ಕಸಿಲ್ಡಾ ಬಿದ್ದದ್ದು ಒಂದೇ ಬೂಟು ಅನ್ನುತ್ತಾಳೆ. ಉಳಿದವರು ಎರಡು ಅನ್ನುತ್ತಾರೆ. ಕೇಳಿದರೆ ಎರ್ಮೆಲಿಂದಾ ನಕ್ಕು ಸುಮ್ಮನಾಗುತ್ತಿದ್ದಳು.

ಮರುದಿನವೇ ಅವಳು ಕುರ್ಚಿಯನ್ನು ಕಿಟಕಿಗೆ ಎಳೆದಳು. ಅಲ್ಬಾನೊಗೆ ನೌಕರಿ ಬೇಕಿತ್ತು, ದಿನಕ್ಕೆ ಏಳೆಂಟು ಸಲ ಅದೇ ಹಳಿಯ ಮೇಲೆ ಹೋಗಲೇಬೇಕಿತ್ತು. ಪ್ರತಿ ಸಲವೂ ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಬೈಗುಳವಿಲ್ಲ, ಶಾಪವಿಲ್ಲ, ಬರೀ ನೋಟ. ಹದಿನಾಲ್ಕು ತಿಂಗಳು ತಲೆ ತಗ್ಗಿಸಿಕೊಂಡು ಓಡಿಸಿದ, ಆಮೇಲೆ ಬೇರೆ ದಾರಿಗೆ ಹಾಕಿಸಿಕೊಂಡು ಓಡಿಹೋದ. ಕಿಟಕಿ ಅವಳದಾಯಿತು. ಆರು ವರ್ಷದ ಹಿಂದೆ ಬರೈರೊದಲ್ಲಿ ಅವನು ಸತ್ತ ಸುದ್ದಿ ಬಂದಾಗ ಎರ್ಮೆಲಿಂದಾ ಏಳು ಸಾರ್ಡೀನು ಮೀನು ಸುಟ್ಟುಕೊಂಡು ತಿಂದಳು.

ಅಂಥ ಹೆಂಗಸನ್ನು ಗಂಡನ ದಾರಿ ಕಾಯುವ ಅಬಲೆ ಮಾಡಿಬಿಟ್ಟಿದ್ದಳು ಜುಲ್ಮೀರಾ.

ಹತ್ತು ದಿನದ ಹಿಂದೆ ಪ್ರವಾಸಿ ಹೆಂಗಸೊಬ್ಬಳು ಮೆಟ್ಟಿಲು ಹತ್ತಿಹೋಗಿ ಎರ್ಮೆಲಿಂದಾಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳಂತೆ. ಅವಳ ಜೊತೆಗಿದ್ದವನಿಗೆ ಪೋರ್ಚುಗೀಸ್ ಬರುತ್ತಿತ್ತು. "ನಿಮ್ಮ ಯಜಮಾನರ ದೇಹ ಸಿಗಲಿ ಅಂತ ಇವಳು ದೇವರಲ್ಲಿ ಬೇಡಿಕೊಳ್ತಾಳಂತೆ," ಎಂದು ತಿಳಿಸಿದ. ಕೆಳಗೆ ಗಾಡಿಯಲ್ಲಿ ಕಾಯುತ್ತಿದ್ದ ಡ್ರೈವರ್ ರೂಬೆನ್, ಇಪ್ಪತ್ತಾರರ ಹುಡುಗಾಟದ ಗಂಡು. ಎರ್ಮೆಲಿಂದಾ ಕಿಟಕಿಯಿಂದಲೇ ಗದರಿಸಿ ಕೇಳಿದಾಗ, "ನಮ್ ಜುಲ್ಮೀರಕ್ಕನ ಕಥೆ ಅಜ್ಜಿ, ಸೂಪರ್ ಅಲ್ವಾ?" ಎಂದನಂತೆ.

ಅಂದು ಸಂಜೆ ಜುಲ್ಮೀರಾ ಹೋದಾಗ ಬಾಗಿಲು ತೆರೆದೇ ಇತ್ತು.

"ಕೂತ್ಕೋಬೇಡ, ನಿಂತ್ಕೊಂಡೇ ಹೇಳು," ಎಂದಳು ಎರ್ಮೆಲಿಂದಾ. "ನಾನು ಯಾರನ್ನ ಕಾಯ್ತಾ ಕೂತಿದ್ದೀನಂತೆ?"

"ದೊಡ್ಡಮ್ಮ, ಅವತ್ತು ಟ್ರ್ಯಾಮ್ ನಿಂತುಬಿಟ್ಟಿತ್ತು. ಗಿರಾಕಿಗಳಿಗೆ ಬೇಜಾರಾಗಿತ್ತು. ಏನೋ ಬಾಯಿ ತಪ್ಪಿ..."

"ಬಾಯಿ ತಪ್ಪಿದ್ರೆ ಒಂದು ಸಲ ತಪ್ಪುತ್ತೆ ಕಣೇ. ಮೂರು ವರ್ಷ ತಪ್ಪುತ್ತಾ?"

ಜುಲ್ಮೀರಾ ಕೂರಲು ಹೋದಳು, ಎರ್ಮೆಲಿಂದಾ ಕೈಯೆತ್ತಿ ತಡೆದಳು.

"ಆ ನಾಯಿಗೆ ಸಮುದ್ರದಲ್ಲಿ ಗೋರಿ ಕಟ್ಟಿ ದೊಡ್ಡ ಮನುಷ್ಯನ್ನ ಮಾಡಿದೆ. ನನ್ನ ಮಾತ್ರ ಅಳುಬುರುಕಿ ಮಾಡಿದೆ. ದಾರೀಲಿ ಹೋಗೋರೆಲ್ಲ ಕೈಬೀಸ್ತಿದ್ರಲ್ಲ, ನನಗೆ ಮರ್ಯಾದೆ ಕೊಡ್ತಿದ್ದಾರೆ ಅಂದ್ಕೊಂಡಿದ್ದೆ. ಅಯ್ಯೋ ಪಾಪ ಅಂತಿದ್ರು! ನನಗೆ! ಬೇರೆ ಯಾರೋ ಹೇಳಿದ್ದಿದ್ರೆ ಉಗಿದು ಸುಮ್ಮನಾಗ್ತಿದ್ದೆ. ನೀನು ಆ ದಿನ ಇಲ್ಲೇ, ನನ್ನ ಲಂಗ ಹಿಡ್ಕೊಂಡು ನಿಂತಿದ್ದವಳು. ಹೋಗು. ನಿನ್ನ ಮುಖ ತೋರಿಸ್ಬೇಡ."

ಅಷ್ಟು ಹೇಳಿ ಎದ್ದು, ಕಿಟಕಿಯ ಎರಡೂ ಬಾಗಿಲನ್ನು ಎಳೆದು ಅಗುಳಿ ಹಾಕಿದಳು.

ಜುಲ್ಮೀರಾ ಪ್ರತಿ ಶುಕ್ರವಾರ ದೊಡ್ಡಮ್ಮನಿಗೆ ಮೀನು ಒಯ್ಯುತ್ತಿದ್ದಳು. ಆ ವಾರ ಬಡಿದು ಬಡಿದು ಕೈ ನೋಯಿತೇ ಹೊರತು ಬಾಗಿಲು ತೆರೆಯಲಿಲ್ಲ. ಚೀಲವನ್ನು ಹಿಡಿಕೆಗೆ ತೂಗುಹಾಕಿ ಬಂದಳು. ಸಂಜೆ ನೋಡಿದರೆ ಬೆಕ್ಕು ಹರಿದು ತಿಂದಿತ್ತು.

ನಿಲ್ದಾಣದಲ್ಲಿ ಅವಳು ಎಲ್ಲರ ಮೇಲೂ ಹರಿಹಾಯ್ದಳು. ಆ ಕಥೆ ಇನ್ನು ಯಾರಾದರೂ ಹೇಳಿದರೆ ಗಾಡಿಯ ಟೈರು ಬಿಚ್ಚಿ ಕೊರಳಿಗೆ ಹಾಕುತ್ತೇನೆ ಎಂದಳು. ರೂಬೆನ್ ಹಲ್ಲು ಕಿರಿದ. "ಅಕ್ಕ, ಆ ಕಥೆಗೆ ಜನ ಅಳ್ತಾರೆ. ಗಂಡನ್ನ ಓಡಿಸಿದ್ಳು ಅಂದ್ರೆ ನಗ್ತಾರೆ ಅಷ್ಟೆ."

"ನಗಲಿ ಕಣೋ ಮುಠ್ಠಾಳ! ದೊಡ್ಡಮ್ಮನೂ ನಗ್ತಿದ್ಳು!"

"ನಿನ್ ಕಥೆ ಬಾಯಿಂದ ಬಾಯಿಗೆ ಹೋಯ್ತು. ಈಗ ವಾಪಸ್ ಕೊಡಿ ಅಂದ್ರೆ ಎಲ್ಲಿಂದ ತರೋದು?"

ಅವನ ಮಾತು ನಿಜವೇ ಆಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ತನ್ನ ಗಾಡಿಯ ಗಿರಾಕಿಗಳಿಗಾದರೂ ನಿಜ ಹೇಳೋಣವೆಂದು ಒಂದು ಜೋಡಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು: ಟ್ರ್ಯಾಮ್, ಕೋಟು, ಬೂಟು, ಹದಿನಾಲ್ಕು ತಿಂಗಳ ನೋಟ. ಹೆಂಡತಿ ಎದೆಯ ಮೇಲೆ ಕೈಯಿಟ್ಟು, "ಅಂದರೆ ಇನ್ನೂ ಅವನನ್ನು ಪ್ರೀತಿಸುತ್ತಾಳೆ ಅಲ್ಲವೇ?" ಎಂದು ಕೇಳಿದಳು. ಜುಲ್ಮೀರಾ ಸ್ಟೇರಿಂಗನ್ನು ಗುದ್ದಿದ ಗುದ್ದಿಗೆ ಹಾರ್ನು ತಾನೇ ಕೂಗಿಕೊಂಡಿತು.

ಅದು ಹತ್ತನೆಯ ದಿನ. ಹನ್ನೊಂದರ ಹೊತ್ತಿಗೆ ಜುಲ್ಮೀರಾ ಡಚ್ ದಂಪತಿಯನ್ನು ಕೂರಿಸಿಕೊಂಡು ಆ ಬೀದಿಗೆ ಬಂದಳು. ಬಾರದೆ ವಿಧಿಯಿಲ್ಲ, ಮೇಲಕ್ಕೆ ಹೋಗಲು ಅದೇ ದಾರಿ. ಮುಂದೆ ಕಾರೊಂದು ಹಳಿಗೆ ಮೂತಿ ಚಾಚಿಕೊಂಡು ನಿಂತಿತ್ತು. ಅದರ ಹಿಂದೆ ಟ್ರ್ಯಾಮ್, ಟ್ರ್ಯಾಮಿನ ಹಿಂದೆ ರೂಬೆನ್ನನ ಗಾಡಿ, ಅದರ ಹಿಂದೆ ಇವಳು. ಟ್ರ್ಯಾಮಿನವನು ಗಂಟೆ ಬಾರಿಸುತ್ತಲೇ ಇದ್ದ. ದೊಡ್ಡಮ್ಮನ ಕಿಟಕಿ ಮುಚ್ಚಿತ್ತು. ಹಸಿರು ಬಾಗಿಲ ಮುಂದೆ ಯಾರೋ ಕೆಂಪು ಕಾರ್ನೇಶನ್ ಹೂಗಳನ್ನೂ ಮೇಣದ ಬತ್ತಿಯನ್ನೂ ಇಟ್ಟಿದ್ದರು.

ರೂಬೆನ್ ತನ್ನ ಗಿರಾಕಿಗಳ ಕಡೆ ತಿರುಗಿ, ದನಿ ತಗ್ಗಿಸಿ ಹೇಳುತ್ತಿದ್ದುದು ಇವಳಿಗೆ ಸ್ಪಷ್ಟವಾಗಿ ಕೇಳಿಸಿತು. "ಹತ್ತು ದಿನದಿಂದ ಕಿಟಕಿ ತೆರೆದಿಲ್ಲ. ಬಹುಶಃ ಅಜ್ಜಿ ಕೊನೆಗೂ ಗಂಡನ ಹತ್ತಿರ ಹೋಗಿಬಿಟ್ಟಳು."

ಜುಲ್ಮೀರಾ ಗಾಡಿಯಿಂದ ಹೇಗೆ ಇಳಿದಳೋ ಅವಳಿಗೇ ಗೊತ್ತಿಲ್ಲ. ರೂಬೆನ್ನನ ಕೊರಳಪಟ್ಟಿ ಹಿಡಿದು ಹೊರಗೆಳೆದಳು. "ಸಾಯ್ಸಿಬಿಟ್ಯೇನೋ? ನನ್ನ ದೊಡ್ಡಮ್ಮನ್ನ ಸಾಯ್ಸೇಬಿಟ್ಯಾ?"

"ಬಿಡಕ್ಕ! ಶುರು ಮಾಡಿದ್ದು ನೀನು ತಾನೆ?"

ಅವಳು ಕೈ ಬಿಟ್ಟಳು. ಹೌದು, ಶುರು ಮಾಡಿದ್ದು ತಾನೇ. ಬಾಗಿಲ ಮುಂದಿನ ಹೂವನ್ನು ಕಾಲಿಂದ ಚರಂಡಿಗೆ ತಳ್ಳಿದಳು. ಟ್ರ್ಯಾಮಿನ ಹಿಂದೆ, ಹಳಿಯ ನಟ್ಟನಡುವೆ ಹೋಗಿ ನಿಂತಳು. ಪ್ರವಾಸಿಗರಿಗೆ ಹೇಳಿ ಫಲವಿಲ್ಲ ಎಂದು ಅವಳಿಗೆ ಅರ್ಥವಾಗಿತ್ತು. ಪೋರ್ಚುಗೀಸಿನಲ್ಲೇ, ಬೀದಿಯ ಎರಡೂ ತುದಿಗೆ ಕೇಳುವಂತೆ, ಹಿಂದೆ ಅವಳಮ್ಮ ಮೀನು ಮಾರಲು ಕೂಗುತ್ತಿದ್ದ ದನಿಯಲ್ಲಿ ಕೂಗಿದಳು.

"ಕೇಳ್ರಪ್ಪಾ ಎಲ್ರೂ! ನಾನು ಜುಲ್ಮೀರಾ. ನಾನು ಸುಳ್ಳಿ! ಈ ಮನೆ ಎರ್ಮೆಲಿಂದಾ ಯಾರನ್ನೂ ಕಾದಿಲ್ಲ! ಗಂಡ ಮುಳುಗಿ ಸಾಯ್ಲಿಲ್ಲ, ಇವಳೇ ಒದ್ದು ಹೊರಗೆ ಹಾಕಿದ್ಳು! ಇದೇ ಜಾಗ, ಇದೇ ಹೊತ್ತು! ಅವನ ಕೋಟು ಇಲ್ಲಿ ಬಿತ್ತು, ನಾನು ನಿಂತಿದ್ದೀನಲ್ಲ, ಇಲ್ಲಿ!"

ಟ್ರ್ಯಾಮಿನವನು ಗಂಟೆಯಿಂದ ಕೈ ತೆಗೆದ. ಆಮೇಲೆ ಎದುರುಮನೆಯ ಕಿಟಕಿಯಿಂದ ಕಸಿಲ್ಡಾ ತಲೆ ಹೊರಹಾಕಿದಳು. "ಕೋಟು ಬಿದ್ದಿದ್ದು ಅಲ್ಲಲ್ಲ ಕಣೇ, ಇತ್ಲಾಗೆ, ನನ್ನ ಬಾಗಿಲಿಗೆ! ಅಲ್ಲಿ ಬಿದ್ದಿದ್ದು ಪ್ಯಾಂಟು!"

ಟ್ರ್ಯಾಮಿನವನು ಬಾಗಿಲಿಂದ ಇಣುಕಿದ. "ನಮ್ ಡಿಪೋದಲ್ಲಿ ಹಳಬರು ಇನ್ನೂ ಹೇಳ್ತಾರೆ. ಅಲ್ಬಾನೊ ಚಡ್ಡಿ ಆರಿಸಿದ ಜಾಗ ಅಂತಾನೇ ಇದಕ್ಕೆ ಹೆಸರು."

"ಬೂಟು ಎರಡೂ ಬಿದ್ವು!" ಎಂದು ಮೇಲಿನ ಮನೆಯಿಂದ ಯಾರೋ ಕೂಗಿದರು.

"ಒಂದೇ!" ಎಂದಳು ಕಸಿಲ್ಡಾ. "ನಾನೇನು ಕುರುಡಿಯಾ? ಒಂದೇ ಕಾಲಿನ ಬೂಟು ಕಂಕುಳಲ್ಲಿ ಇಟ್ಕೊಂಡು ಹೋದ!"

"ಎರಡು!"

"ಒಂದು ಅಂದ್ರೆ ಒಂದೇ!"

ಬೀದಿಗೆ ಬೀದಿಯೇ ಜಗಳಕ್ಕೆ ಬಿತ್ತು. ಡಚ್ ದಂಪತಿ ಏನೊಂದೂ ತಿಳಿಯದೆ ಗಾಡಿಯಲ್ಲಿ ಕೈಕೈ ಹಿಡಿದುಕೊಂಡು ಕೂತಿದ್ದರು. ಜುಲ್ಮೀರಾ ಕಿಟಕಿಯನ್ನೇ ನೋಡುತ್ತಿದ್ದಳು. ಅದು ತೆರೆಯಲಿಲ್ಲ. "ನೀನೇ ಹೇಳು ದೊಡ್ಡಮ್ಮ!" ಎಂದು ಕಿರುಚಿದಳು. "ಬೈಯಾದ್ರೂ ಬೈಯಿ, ಬಾಯಿ ಬಿಡು!"

ಒಳಗೆ ಏನೋ ಎಳೆದಾಡಿದ ಸದ್ದಾಯಿತು. ಯಾವುದೋ ಪೆಟ್ಟಿಗೆ ಇರಬೇಕು. ಅಗುಳಿ ಕಿರ್ರೆಂದಿತು. ಎರಡೂ ಬಾಗಿಲು ಗೋಡೆಗೆ ಬಡಿಯುವಂತೆ ತೆರೆದುಕೊಂಡವು. ಕೂದಲು ಕೆದರಿಕೊಂಡು, ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಎರ್ಮೆಲಿಂದಾ ನಿಂತಿದ್ದಳು. ಅವಳ ಕೈಯಲ್ಲಿ ಕಪ್ಪು ಬೂಟೊಂದಿತ್ತು. ತೊಗಲು ಬಿರುಕುಬಿಟ್ಟಿತ್ತು, ಲಾಡಿ ಮಾತ್ರ ಗಟ್ಟಿಯಾಗಿ ಬಿಗಿದಂತೆಯೇ ಇತ್ತು.

"ಕಸಿಲ್ಡಾ ಹೇಳಿದ್ದೇ ಸರಿ," ಎಂದಳು. "ಒಂದೇ ಎಸೆದೆ. ಕಾಲಲ್ಲಿದ್ದಿದ್ದು ಡಿಪೋ ಬೂಟು, ಅವನ ಸ್ವಂತದ್ದು ಅದೊಂದೇ ಜೊತೆ. ಬರೈರೊಗೆ ಕುಂಟ್ಕೊಂಡು ಹೋಗ್ಲಿ ಅಂತ ಇನ್ನೊಂದನ್ನ ಇಟ್ಕೊಂಡೆ."

ಎರ್ಮೆಲಿಂದಾ ತೋಳು ಹಿಂದಕ್ಕೆತ್ತಿ ಬೀಸಿದಳು. ಬೂಟು ಬಂದು ಜುಲ್ಮೀರಾಳ ಗಾಡಿಯ ಮೇಲೆ ಬಡಿದು, ಕಲ್ಲಿನ ಮೇಲೆ ಧೊಪ್ಪೆಂದು ಬಿತ್ತು. ನಲವತ್ತಮೂರು ವರ್ಷದ ಹಿಂದೆ ಕೇಳಿದ್ದ ಅದೇ ಸದ್ದು.

ಟ್ರ್ಯಾಮಿನೊಳಗೆ ಯಾರೋ ಚಪ್ಪಾಳೆ ಹೊಡೆದರು.

"ತಗೋ," ಎಂದಳು ಎರ್ಮೆಲಿಂದಾ. "ಇನ್ಮೇಲೆ ಇದನ್ನ ತೋರ್ಸು ನಿನ್ನ ಪ್ರವಾಸಿಗರಿಗೆ. ಆಮೇಲೆ ಯಾರಾದ್ರೂ ಅಯ್ಯೋ ಪಾಪ ಅನ್ಲಿ ನೋಡೋಣ."

ಜುಲ್ಮೀರಾ ಬಗ್ಗಿ ಬೂಟನ್ನು ಎತ್ತಿಕೊಂಡಳು. "ಶುಕ್ರವಾರ ಮೀನು ತರ್ಲಾ ದೊಡ್ಡಮ್ಮ?"

"ತಾ. ಮೆಟ್ಟಿಲು ಹತ್ತಿ ಬಂದು ಕೈಗೆ ಕೊಡು. ಹೋದ ವಾರದ್ದು ಬೆಕ್ಕಿಗಾಯ್ತು." ಕುರ್ಚಿ ಎಳೆದುಕೊಂಡು ಕೂತು, ರೂಬೆನ್ನನ ಕಡೆ ಬೆರಳು ಮಾಡಿದಳು. "ಲೇ ಹುಡುಗ, ನೀನು. ಹೋಗಬೇಡ, ಇರು. ನನ್ನ ಸಾಯ್ಸಿದ್ಯಂತಲ್ಲ, ನಿನ್ನ ಮುಖ ಸ್ವಲ್ಪ ನೋಡ್ಬೇಕು ನಾನು."

ಅಷ್ಟರಲ್ಲಿ ಅಡ್ಡ ನಿಂತಿದ್ದ ಕಾರು ಕದಲಿ ಟ್ರ್ಯಾಮ್ ಹೊರಟಿತ್ತು. ರೂಬೆನ್ ಮಾತ್ರ ಹೊರಡಲಿಲ್ಲ. ತಲೆ ತಗ್ಗಿಸಿಕೊಂಡು ಆ ಕಿಟಕಿಯ ಕೆಳಗೇ ನಿಂತಿದ್ದ.