ಹುಣಸೆಹುಳಿಗೆ ಸಿಕ್ಕ ಇಂಗ್ಲಿಷ್ ಪಿಸ್ತೂಲು

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯ ಸಿಂಕಿನಲ್ಲಿ ಇನ್ನೂರು ವರ್ಷ ಹಳೆಯ ಇಂಗ್ಲಿಷ್ ಪಿಸ್ತೂಲೊಂದು ಸ್ನಾನ ಮಾಡುತ್ತಿತ್ತು. ಮಾಡಿಸುತ್ತಿದ್ದವರು ನನ್ನ ಅತ್ತೆ. ಹುಣಸೆಹುಳಿ, ಉಪ್ಪು, ತೆಂಗಿನ ನಾರು!

ಹೆದರಬೇಡಿ, ಅದು ಗುಂಡು ಹಾರಿಸುವುದಿಲ್ಲ. ನಳಿಗೆಯ ಬಾಯಿ ಮುಚ್ಚಿಸಿ, ಪೊಲೀಸರ ಅನುಮತಿ ಪಡೆದ ಮೇಲೆಯೇ ನನ್ನ ಗಂಡ ಅದನ್ನು ಮನೆಗೆ ತಂದದ್ದು. (ಮಲೇಶಿಯಾದಲ್ಲಿ ಬಂದೂಕಿನ ವಿಷಯದಲ್ಲಿ ತಮಾಷೆ ನಡೆಯುವುದಿಲ್ಲ.) ಸುಧಾಕರ ಉಡುಪಿಯವನು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಉಳಿದ ಡಾಕ್ಟರುಗಳಿಗೆ ಗಾಲ್ಫ್ ಹುಚ್ಚು. ಇವನಿಗೆ ಹಳೆಯ ಬ್ರಿಟಿಷ್ ಪಿಸ್ತೂಲುಗಳದ್ದು.

ಬರ್ಮಿಂಗ್‌ಹ್ಯಾಮಿನಲ್ಲಿ ಆ ಕಾಲದಲ್ಲಿ ಒಬ್ಬ ನಳಿಗೆ ಮಾಡುತ್ತಿದ್ದನಂತೆ, ಇನ್ನೊಬ್ಬ ಕಿಡಿ ಹಾರಿಸುವ ಕುದುರೆಯೆಂಬ ಕೊಕ್ಕೆ, ಮತ್ತೊಬ್ಬ ವಾಲ್‌ನಟ್ ಮರದ ಹಿಡಿ. ಎಲ್ಲ ಜೋಡಿಸಿ ಮೇಲೆ ತನ್ನ ಹೆಸರು ಕೆತ್ತಿಸುವವನು ಬೇರೆಯೇ ಒಬ್ಬ. ನಳಿಗೆಗೆ ಬೇಕೆಂದೇ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ, ಕಾಫಿಪುಡಿಯ ಬಣ್ಣ ತರುತ್ತಿದ್ದರಂತೆ. ಆ ಬಣ್ಣವೇ ಅದರ ಪ್ರಾಣವಂತೆ. ಅದಕ್ಕೇ ಸಂಗ್ರಾಹಕರ ಮೊದಲ ಪಾಠ: ಉಜ್ಜಬೇಡ! ಮದುವೆಯಾದಾಗಿನಿಂದ ಊಟದ ಜತೆ ಉಪ್ಪಿನಕಾಯಿಯಂತೆ ಇದನ್ನು ಕೇಳುತ್ತಲೇ ಇದ್ದೇನೆ.

ಅತ್ತೆ ಕೇಳಿರಲಿಲ್ಲವಲ್ಲ.

ವರ್ಷಗಟ್ಟಲೆ ಕರೆದ ಮೇಲೆ ಅವರು ಮೊದಲ ಸಲ ನಾವಿರುವ ಸುಬಾಂಗ್ ಜಯಾಕ್ಕೆ ಬಂದಿದ್ದಾರೆ. ಬಂದಾಗಿನಿಂದ ಒಂದೇ ದೂರು. ಬಟ್ಟೆ ಒಗೆಯಲು ಮೆಷೀನು, ಅನ್ನಕ್ಕೆ ಕುಕ್ಕರು, ಬೇಜಾರಾದರೆ ಮೂಲೆಯ ಮಾಮಕ್ ಹೋಟೆಲಿನಿಂದ ರೊಟ್ಟಿ ತಪಾವ್ ಮಾಡಿ, ಅಂದರೆ ಕಟ್ಟಿಸಿಕೊಂಡು, ತಂದರಾಯಿತು. "ನನಗಿಲ್ಲಿ ಎಂತ ಕೆಲಸ ಉಂಟು ಮಾರಾಯ್ತಿ? ಗೊಂಬೆ ಹಾಗೆ ಕೂತ್ಕೊಳ್ಳಿಕ್ಕಾ ಬಂದದ್ದು? ಟಿಕೆಟ್ ಮುಂಚೆ ಮಾಡ್ಲಿಕ್ಕೆ ಆಗ್ತದಾ ಕೇಳು" ಎಂದು ದಿನವೂ ಬೆಳಿಗ್ಗೆ ರಾಗ. ಅದನ್ನು ಕೇಳಿದಾಗೆಲ್ಲ ಸುಧಾಕರನ ಮುಖ ಸಣ್ಣಗಾಗುತ್ತಿತ್ತು.

ಆಯುಧಪೂಜೆ ಬಂದದ್ದು ವಾರದ ನಡುವೆ. ಹಾಗಾಗಿ ಭಾನುವಾರಕ್ಕೆ ಇಟ್ಟುಕೊಂಡೆವು. (ಇಲ್ಲಿ ದೇವರೂ ರಜೆಗೆ ಕಾಯಬೇಕು.) ಮಧ್ಯಾಹ್ನ ಊಟಕ್ಕೆ ಮಿಸ್ಟರ್ ಲಿಮ್ ಬರುವವರಿದ್ದರು. ನಿವೃತ್ತ ದಂತವೈದ್ಯರು, ಇವನಷ್ಟೇ ಪಿಸ್ತೂಲು ಹುಚ್ಚಿನವರು. ಅವರಿಗೆ ತೋರಿಸಲೆಂದು ಸುಧಾಕರ ಪಿಸ್ತೂಲನ್ನು ಕಪಾಟಿನಿಂದ ತೆಗೆದು, ಮೇಜಿನ ಮೇಲೆ ಕೆಂಪು ಬಟ್ಟೆ ಹಾಸಿ ಮಲಗಿಸಿ, ಪೂಜೆಗೆ ಕಾರು ತೊಳೆಸಲು ಹೋದ.

ಆಯುಧಪೂಜೆಯ ಬೆಳಿಗ್ಗೆ. ಕೆಂಪು ಬಟ್ಟೆ. ಮೇಲೊಂದು ಆಯುಧ. ಅತ್ತೆ ಏನು ತಿಳಿಯಬೇಕು?

"ಈ ತುಕ್ಕು ಹಿಡಿದದ್ದನ್ನ ಹಾಗೇ ದೇವರ ಮುಂದೆ ಇಡ್ಲಿಕ್ಕುಂಟಾ?" ಎಂದರು, ನಾನು ಸ್ನಾನ ಮುಗಿಸಿ ಓಡಿಬಂದಾಗ. ಅಷ್ಟರಲ್ಲಿ ನಳಿಗೆ ಸ್ಟೀಲ್ ಲೋಟವಾಗಿತ್ತು. ಮಗಳು ಬಾಗಿಲಲ್ಲೇ ನಿಂತು, "ಅಮ್ಮಾ, ಪಪ್ಪಾ ಈಸ್ ಗೋಯಿಂಗ್ ಟು ಕ್ರೈ ಲಾ" ಎಂದಳು.

ಸುಧಾಕರ ಬಂದ. ನೋಡಿದ. ಬಾಯಿ ತೆರೆದ.

"ನೋಡು ಮಗಾ, ಹೊಸತರ ಹಾಗೆ ಆಯ್ತು!" ಅತ್ತೆಯ ಕೈಯೆಲ್ಲ ಕಪ್ಪು, ಮುಖ ತುಂಬ ನಗು. ಈ ಊರಿಗೆ ಬಂದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಸುಧಾಕರ ತೆರೆದ ಬಾಯಿ ಮುಚ್ಚಿದ. "ಚಂದ ಆಗಿದೆ ಅಮ್ಮ" ಎಂದ. ಪಿಸ್ತೂಲಿಗೆ ಗಂಧ, ಕುಂಕುಮ, ಒಂದು ದಾಸವಾಳ. ಮಂಗಳಾರತಿಯೂ ಆಯಿತು.

ಲಿಮ್ ಬಂದವರೇ ತಲೆ ಹಿಡಿದುಕೊಂಡರು. "ಐಯೋ! ಹೂ ಡಿಡ್ ದಿಸ್?"

"ಐ ಡಿಡ್" ಎಂದ ನನ್ನ ಗಂಡ.

ಆಮೇಲೆ ಊಟವಿಡೀ ಲಿಮ್ ಅವರ ಬೈಗುಳ. ಕಲಿತವನಾಗಿ ಹೀಗಾ ಮಾಡೋದು, ನಿನಗೆ ಪಿಸ್ತೂಲು ಮಾರಿದವನ ಹೊಟ್ಟೆ ಎಷ್ಟು ಉರಿದೀತು ಎಂದೆಲ್ಲ. ಸುಧಾಕರ ತಲೆ ತಗ್ಗಿಸಿ ಸಾರು ಕಲಸುತ್ತಿದ್ದ. ಇಂಗ್ಲಿಷ್ ಬಾರದ ಅತ್ತೆ ನನ್ನನ್ನು ತಿವಿದರು. "ಅವರು ಎಂತ ಹೇಳುದು?"

"ಹೊಳಪು ನೋಡಿ ಅವರಿಗೆ ಮಾತೇ ನಿಲ್ತಿಲ್ಲ ಅತ್ತೆ." (ಇದರಲ್ಲಿ ಸುಳ್ಳೇನಿದೆ?)

ಅತ್ತೆ ಕರಗಿಹೋದರು. ಲಿಮ್ ಅವರಿಗೆ ಇನ್ನೊಂದು ಸೌಟು ಪಾಯಸ ಬಿತ್ತು. "ಪಾಪ, ಅವರ ಮನೆಯದ್ದೂ ತರ್ಲಿಕ್ಕೆ ಹೇಳು. ತಿಕ್ಕಿ ಕೊಡುವ."

ಲಿಮ್ ಹೋದ ಮೇಲೆ ಸುಧಾಕರನನ್ನು ಕೇಳಿದೆ, "ಬೇಜಾರಾಗ್ಲಿಲ್ವಾ?"

"ಆಗದೆ? ಅಳು ಬಂತು" ಎಂದ.

ಸೋಮವಾರ ಬೆಳಿಗ್ಗೆ ಟಿಕೆಟ್ಟಿನ ರಾಗಕ್ಕೆ ಕಾದೆ. ಬರಲಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು, ತಿಕ್ಕಲು ಇನ್ನೇನಾದರೂ ಇದೆಯೇ ಎಂದು ಮನೆಯೆಲ್ಲ ಕಣ್ಣಾಡಿಸುತ್ತಿದ್ದರು. ಕಾಲೇಜಿಗೆ ಹೊರಟಿದ್ದ ಸುಧಾಕರ ಬಾಗಿಲಲ್ಲೇ ನಿಂತ. ತಿರುಗಿ ಬಂದು ಕಪಾಟು ತೆರೆದ. ಕೋವಿಮದ್ದು ತುಂಬಿಡುವ, ಅದೇ ಕಾಲದ ಹಿತ್ತಾಳೆಯ ಬುರುಡೆಯೊಂದನ್ನು ತೆಗೆದ. ಧೂಳು ಒರೆಸಲೂ ನನಗೆ ಬಿಡದ ಬುರುಡೆ. ಅದನ್ನು ಅತ್ತೆಯ ಕೈಗಿಟ್ಟು, "ಅಮ್ಮ, ಇದೂ ಸ್ವಲ್ಪ ಮಂಕಾಗಿದೆ, ನೋಡ್ತೀಯಾ?" ಎಂದ. ಆ ಕ್ಷಣ ನನಗೆ ಅವನ ಮೇಲೆ ಹುಟ್ಟಿದಷ್ಟು ಪ್ರೀತಿ ಮದುವೆಯ ದಿನವೂ ಹುಟ್ಟಿರಲಿಲ್ಲ.

ನೀವೇ ಹೇಳಿ, ಇಂಥವನನ್ನು ಯಾರಾದರೂ ಸಂಗ್ರಾಹಕ ಅಂತಾರಾ?