ರಿಪೇರಿ ಎಂದು ಕೇಳಿದ್ದೆವು

ನಾನು ಧಾರವಾಡದಲ್ಲಿ ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಓದುತ್ತಿದ್ದೆ. ಎಪ್ಪತ್ತರ ದಶಕದ ಆ ವರ್ಷ ನವಲಗುಂದ ತಾಲೂಕಿನ ನಮ್ಮೂರಿಗೆ ಹಿಡಿದ ಮಳೆ ಬಿಡಲೇ ಇಲ್ಲ. ಹಳ್ಳ ಉಕ್ಕಿ ನಮ್ಮ ಹೊಲೆಯರ ಕೇರಿಗೆ ನುಗ್ಗಿತು. ಮಣ್ಣಿನ ಮಾಳಿಗೆಗಳು ನೀರು ಕುಡಿದು ಭಾರವಾಗಿ ಕೆಲವು ಮನೆ ಕುಸಿದವು, ಉಳಿದವು ಗೋಡೆ ಸೀಳಿಕೊಂಡು ನಿಂತವು. ನಮ್ಮ ಮನೆಯ ಪಡಸಾಲೆ ಬಿತ್ತು, ಅಡುಗೆಮನೆ ಉಳಿಯಿತು. ಅಪ್ಪ ಸತ್ತಮೇಲೆ ಅವ್ವ ಕೂಲಿ ಮಾಡಿ ಕಾಪಾಡಿಕೊಂಡಿದ್ದ ಮನೆ ಅದು.

ನಾನು ಊರಿಗೆ ಬಂದಾಗ ಕಾಕಾ ಬಿದ್ದ ಗೋಡೆಯ ಮೇಲೆ ಕೂತಿದ್ದ.

“ನಾಳಿ ಬಿದ್ದ ಮನಿ ನೋಡಾಕ ತಾಲೂಕಿನ ಸಾಹೇಬ್ರು ಬರ್ತಾರ. ಅವರ ಜೋಡಿ ನೀನ ಮಾತಾಡಬೇಕು. ಏನಂತ ಕೇಳ್ತಿ?”

“ನಿಂತ ಮನಿಗೆ ರಿಪೇರಿ ಕೇಳೂಣು. ಬಿದ್ದ ಮನಿ ಇದ್ದಲ್ಲೇ ತಿರುಗಿ ಕಟ್ಟಿಕೊಡ್ರಿ ಅನ್ನೂಣು. ಅದಕ್ಕ ರಿಕನ್‌ಸ್ಟ್ರಕ್ಷನ್ ಅಂತಾರ, ಕಾಕಾ.”

“ಅಷ್ಟ ಕೇಳು. ಹೆಚ್ಚಿಗಿ ಬ್ಯಾಡ.”

ಮರುದಿನ ಸಾಹೇಬರ ಜೀಪು ಬಂದು ಗೌಡರ ಮನೆಯ ಮುಂದೆ ನಿಂತಿತು. ಗೌಡರ ಜೊತೆ ಚಹಾ, ಮಾತು ಎಲ್ಲ ಮುಗಿದಮೇಲೆ ನಮ್ಮನ್ನು ಕರೆದರು. ನಾವು ಕಟ್ಟೆಯ ಕೆಳಗೆ ನಿಂತೆವು. ನಾನು ಬಾಯಿ ತೆರೆಯುವ ಮೊದಲೇ ಸಾಹೇಬರು ರಿಹ್ಯಾಬಿಲಿಟೇಷನ್ ಎಂದರು.

ಕಾಲೇಜಿನಲ್ಲಿ ಈ ಶಬ್ದಗಳನ್ನು ಬಿಡಿಸಿ ಹೇಳಿದ್ದರು. ಮುರಿದದ್ದಕ್ಕೆ ರಿಪೇರಿ. ಕೆಟ್ಟದ್ದನ್ನು ಮೊದಲಿದ್ದ ಹಾಗೆ ಮಾಡಿದರೆ ರೆಸ್ಟೊರೇಷನ್. ರೋಗಿ ಎದ್ದು ಕೂತರೆ ರಿಕವರಿ. ರಿಹ್ಯಾಬಿಲಿಟೇಷನ್ ಅಂದರೆ ಪುನರ್ವಸತಿ, ನೆಲೆ ತಪ್ಪಿದವರಿಗೆ ಮತ್ತೊಂದು ನೆಲೆ. ಅದಕ್ಕೆ ಮೊದಲು ಯಾರಾದರೂ ನೆಲೆ ತಪ್ಪಿರಬೇಕು. ನಮ್ಮದು ತಪ್ಪಿರಲಿಲ್ಲ. ಆ ಶಬ್ದವೇ ಬಂದು ತಪ್ಪಿಸಲಿತ್ತು.

ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ನಾವು ಇಲ್ಲೇ ಇದ್ದೇವೆ, ಎಲ್ಲಿಗೂ ಹೋಗಿಲ್ಲ, ನಮಗೆ ಬೇಕಾದದ್ದು ರಿಪೇರಿ, ಎರಡು ಶಬ್ದಗಳ ಅರ್ಥ ಬೇರೆ ಎಂದೆ. ಸಾಹೇಬರು ಕೇಳಿ ನಕ್ಕರು.

“ನಿಮ್ಮ ಇಂಗ್ಲಿಷ್ ತುಂಬಾ ಚೆನ್ನಾಗಿದೆ. ಯಾವ ಕಾಲೇಜು?”

ಗೌಡರು ನಡುವೆ ಬಾಯಿ ಹಾಕಿದರು. “ನಮ್ಮೂರ ಹುಡುಗ್ರೀ. ನಾವ ಓದಸೇವಿ.”

ಅವರ ಮನೆಯ ಒಂದು ಹಾಳೆಯೂ ನನ್ನ ಓದಿಗೆ ಬಂದಿರಲಿಲ್ಲ. ಆದರೂ ನಾನು ಸುಮ್ಮನಿದ್ದೆ. ಕೆಲಸವಾಗುವುದಿದ್ದರೆ ಆ ಸುಳ್ಳೂ ಇರಲಿ ಅನ್ನಿಸಿತ್ತು.

ಜೀಪು ಹೋದಮೇಲೆ ಕಾಕಾ ಕೇಳಿದ, “ಏನಂದ್ರೋ?”

“ಹಳ್ಳದ ಆಚಿ ಹೊಸಾ ಮನಿ ಕೊಡ್ತಾರಂತ.”

“ನೀ ರಿಪೇರಿ ಅನ್ನಲಿಲ್ಲೇನು?”

“ಅಂದೆ.”

“ಮತ್ತ?”

“ಛಲೋ ಮಾತಾಡ್ತಿ ಅಂದ್ರು.”

ಕಾಕಾ ಮಣ್ಣಿನಲ್ಲಿ ಹೂತಿದ್ದ ಒಂದು ತೊಲೆಯನ್ನು ಎಳೆಯತೊಡಗಿದ.

ಹೊಸ ಜಾಗ ಹಳೆಯದಕ್ಕಿಂತ ತಗ್ಗಿನಲ್ಲಿತ್ತು. ಎರೆ ನೆಲ, ಪತ್ರಾಸ್ ತಗಡಿನ ಸೂರು. ಬೇಸಿಗೆಯಲ್ಲಿ ನೆಲ ಬಾಯಿ ಬಿಟ್ಟಿತು, ಜೊತೆಗೆ ಗೋಡೆಗಳೂ. ಮಳೆ ಬಂದರೆ ಹಳ್ಳ ದಾಟಲಾಗದೆ ಕೇರಿಯ ಮಕ್ಕಳು ಶಾಲೆ ಬಿಟ್ಟು ಕೂರುತ್ತಿದ್ದವು. ಹಳೆಯ ಕೇರಿಯನ್ನು ನೆಲಸಮ ಮಾಡಿದರು, ಗಟ್ಟಿಯಾಗಿ ನಿಂತಿದ್ದ ನಮ್ಮ ಅಡುಗೆಮನೆಯನ್ನೂ. ಸುಗ್ಗಿಯ ಹೊತ್ತಿಗೆ ಅಲ್ಲಿ ಗೌಡರ ಜೋಳದ ಕಣಿಕೆಯ ಬಣವೆಗಳು ಎದ್ದವು.

ಅವ್ವ ಮಾತ್ರ ಆ ಹೊಸದನ್ನು ಮನೆ ಅನ್ನಲಿಲ್ಲ. ನಾನು ರಜೆಗೆ ಬಂದಾಗ ಹೊಲದಿಂದ ದಣಿದು ಬರುವಳು. ದಾರಿಯಲ್ಲಿ ಯಾರಾದರೂ “ಮನೀಗೇನಬೇ?” ಎಂದು ಕೇಳಿದರೆ ತಲೆ ಎತ್ತದೆ ಉತ್ತರ ಕೊಡುವಳು.

“ಇಲ್ಲಬೇ. ಶೆಡ್ಡಿಗೆ.”